ಕೊಲ್ಲಬೇಕಾದ ಮೀನು, ಕೊಲ್ಲಬಾರದ ಮೀನು

ನಮ್ಮ ಟೀಮ್ ಲೀಡ್ ಬಾಯಲ್ಲಿ ಟ್ರೌಟ್ ಎಂಬ ಮೀನಿನ ಮಾತು ಬಂದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಮನುಷ್ಯ ಬೆಂಗಳೂರಿನವನು, ಹುಟ್ಟಾ ಸಸ್ಯಾಹಾರಿ, ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬದ ಕೇಕ್ ಬಂದರೆ ಮೊಟ್ಟೆ ಹಾಕಿದ್ದಾರಾ ಎಂದು ಕೇಳಿಯೇ ತಟ್ಟೆ ಮುಟ್ಟುವವನು. ಅಂಥವನಿಗೆ ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾಕ್ಕೆ ಬಂದ ಮೇಲೆ ಗಾಳ ಹಾಕುವ ಹುಚ್ಚು ಹಿಡಿಯಿತು. ಇಲ್ಲಿನ ದೊಡ್ಡವರೆಲ್ಲ ಗಾಳ ಹಿಡಿದು ಕೂರುತ್ತಾರೆ, ಅವರ ಪಕ್ಕದಲ್ಲಿ ಕೂತರೆ ತಾನೂ ದೊಡ್ಡವನಾಗುತ್ತೇನೆ ಎಂಬ ಲೆಕ್ಕಾಚಾರ ಇದ್ದಿರಬೇಕು. ಎದುರಿಗೆ ಅವನನ್ನು ‘ಸರ್’ ಎನ್ನುತ್ತಿದ್ದೆ. ಸ್ವೀಡನ್ನಿನಲ್ಲಿ ಯಾರೂ ಯಾರಿಗೂ ಸರ್ ಎನ್ನುವುದಿಲ್ಲ, ಆದರೆ ಕನ್ನಡದಲ್ಲಿ ಮಾತಾಡುವಾಗ ಅವನಿಗೆ ಅದು ಬೇಕಿತ್ತು. ಬರೆಯುವಾಗಲಾದರೂ ಏಕವಚನದಲ್ಲಿ ಬರೆದುಕೊಳ್ಳುತ್ತೇನೆ.

ದಿನಾ ಮಧ್ಯಾಹ್ನ ಮೂರು ಗಂಟೆಗೆ ಫೀಕಾ, ಅಂದರೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತು. ಅವನ ಪ್ರವಚನ ಶುರುವಾಗುತ್ತಿದ್ದುದು ಆಗಲೇ. ವಿಷಯ ಯಾವಾಗಲೂ ಒಂದೇ: ರೇನ್‌ಬೋ ಟ್ರೌಟ್ ಮೇಲೋ, ಬ್ರೂಕ್ ಟ್ರೌಟ್ ಮೇಲೋ. ಎರಡೂ ಉತ್ತರ ಅಮೆರಿಕದ ಮೀನುಗಳು, ಯಾವುದೋ ಕಾಲದಲ್ಲಿ ಇಲ್ಲಿಯವರು ತಂದು ತಮ್ಮ ನೀರಿಗೆ ಬಿಟ್ಟುಕೊಂಡವು. ಅಮೆರಿಕದವರ ವಿಡಿಯೋ ನೋಡಿ ನೋಡಿ ಅವನಿಗೆ ಎಲ್ಲ ಬಾಯಿಪಾಠ. ಸ್ವೀಡನ್ನಿನವರಿಗೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ, ಟೀಮಿನ ಇನ್ನೊಬ್ಬ ಕನ್ನಡದವಳು ನಾನೇ ಆದ್ದರಿಂದ ನನ್ನ ಕಡೆ ತಿರುಗಿ ಮತ್ತೆ ಕನ್ನಡದಲ್ಲಿ ಹೇಳುತ್ತಿದ್ದ.

“ರೇನ್‌ಬೋ ಅಂದ್ರೆ ಮಾಸ್ ಹೀರೋ ಮೇಡಂ. ಗಾಳಕ್ಕೆ ಸಿಕ್ಕಿದ ತಕ್ಷಣ ನೀರಿಂದ ಮೇಲಕ್ಕೆ ಹಾರತ್ತೆ, ಸಕತ್ ಫೈಟ್ ಕೊಡತ್ತೆ. ಬ್ರೂಕ್ ಹಾಗಲ್ಲ, ಅದು ಕ್ಲಾಸು. ತಳಕ್ಕೆ ಇಳಿದುಬಿಟ್ಟು ತಲೆ ಒದರತ್ತೆ. ತಣ್ಣಗೆ ಕ್ಲೀನಾಗಿರೋ ನೀರಿಲ್ದಿದ್ರೆ ಬದುಕೋದೇ ಇಲ್ಲ. ರೇನ್‌ಬೋಗೆ ಬೆಳ್ಳಿ ಮೈ ಮೇಲೆ ಕಪ್ಪು ಚುಕ್ಕೆ, ಬ್ರೂಕ್‌ಗೆ ಕಪ್ಪು ಮೈ ಮೇಲೆ ಬಿಳಿ ಚುಕ್ಕೆ. ಇಷ್ಟು ತಲೇಲಿಟ್ಕೊಂಡ್ರೆ ಜನ್ಮದಲ್ಲಿ ಕನ್‌ಫ್ಯೂಸ್ ಆಗಲ್ಲ.”

ನಾನು ತಲೆ ಆಡಿಸುತ್ತಿದ್ದೆ. ಹಿಡಿದ ಮೀನನ್ನು ಅವನು ತಿನ್ನುತ್ತಿರಲಿಲ್ಲ. ಬಾಯಿಂದ ಕೊಕ್ಕೆ ಕಿತ್ತು, ಎರಡೂ ಕೈಯಲ್ಲಿ ಎತ್ತಿ ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುತ್ತಿದ್ದ. ಅದಕ್ಕೆ ‘ಅಹಿಂಸಾ ಫಿಶಿಂಗ್’ ಎಂದು ತಾನೇ ಹೆಸರಿಟ್ಟು ನಗುತ್ತಿದ್ದ. ಅಲ್ಲ, ತಿನ್ನದವನಿಗೆ ಮೀನಿನ ತುಟಿ ಹರಿಯುವ ಉಸಾಬರಿ ಯಾಕೆ? ಈ ಪ್ರಶ್ನೆ ದಿನಾ ನಾಲಗೆಯ ತುದಿಗೆ ಬರುತ್ತಿತ್ತು, ಕಾಫಿ ಜೊತೆ ಒಳಗೆ ಹೋಗುತ್ತಿತ್ತು.

ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನದು ಕಾಂಟ್ರಾಕ್ಟ್ ಕೆಲಸ, ಡಿಸೆಂಬರಿಗೆ ಮುಗಿಯುತ್ತಿತ್ತು. ಟೀಮಿನಲ್ಲಿ ಕಾಯಂ ಮಾಡಲು ಒಂದೇ ಜಾಗ ಇತ್ತು. ಅದು ಸಿಗದಿದ್ದರೆ ಮೂರು ತಿಂಗಳೊಳಗೆ ಬೇರೆ ಕೆಲಸ ಹುಡುಕಬೇಕು, ಹುಡುಕದಿದ್ದರೆ ಗಂಟುಮೂಟೆ ಕಟ್ಟಬೇಕು. ವರ್ಕ್ ಪರ್ಮಿಟ್ ಎಂದರೆ ಅಷ್ಟೇ. ಮನೆಯಲ್ಲಿ ನಾನು, ನನ್ನ ಮಗಳು, ಇಬ್ಬರೇ. ಅವಳ ಅಪ್ಪನ ಮೇಲಿನ ಸಿಟ್ಟು ಬೇರೆ ಇದೆ, ಅದನ್ನು ಇಲ್ಲಿಗೆ ತರುವುದಿಲ್ಲ. ಹತ್ತು ವರ್ಷದವಳಾಗಿದ್ದಾಗ ಬಂದ ಮಗಳು ಈಗ ಎಂಟನೇ ಕ್ಲಾಸು. ನಾನು ಕನ್ನಡದಲ್ಲಿ ಬೈದರೆ ಅವಳು ಸ್ವೀಡಿಷಿನಲ್ಲಿ ಎದುರುತ್ತರ ಕೊಡುತ್ತಾಳೆ. ಅವಳನ್ನು ಇಲ್ಲಿಂದ ಕಿತ್ತು ಊರಿಗೆ ಕರೆದುಕೊಂಡು ಹೋಗುವ ಮಾತನ್ನು ನನಗೆ ನೆನೆಯಲೂ ಆಗುತ್ತಿರಲಿಲ್ಲ. ಕಾಯಂ ಮಾಡುವ ತೀರ್ಮಾನ ನಮ್ಮ ಮ್ಯಾನೇಜರ್‌ದು, ಸ್ವೀಡನ್ನಿನ ಹೆಂಗಸು, ನೇರ ಸ್ವಭಾವದವಳು. ಆದರೆ ಶಿಫಾರಸು ಬರೆಯಬೇಕಾದವನು ಇವನು. ಹಾಗಾಗಿ ರೇನ್‌ಬೋ ಹಾರಲಿ, ಬ್ರೂಕ್ ಮುಳುಗಲಿ, ನಾನು ತಲೆ ಆಡಿಸುತ್ತಿದ್ದೆ.

ನನಗೆ ಮೀನು ಗೊತ್ತು ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ನಾನು ಕರಾವಳಿಯ ಗಂಗೊಳ್ಳಿಯವಳು. ಅಮ್ಮ ಬಂದರಿನಲ್ಲಿ ಮೀನು ಮಾರುತ್ತಾಳೆ, ಈಗಲೂ. ಕಿವಿರು ಎತ್ತಿ ನೋಡದೆ, ಬರೀ ಬೆರಳಿನಿಂದ ಹೊಟ್ಟೆ ಒತ್ತಿ, ದೋಣಿ ಯಾವಾಗ ಬಂದದ್ದು ಎಂದು ಹೇಳುವವಳು. ಅವಳ ಬುಟ್ಟಿಯ ಪಕ್ಕ ಕೂತೇ ನಾನು ಗಣಿತ ಕಲಿತದ್ದು. ಆದರೆ ಇಲ್ಲಿನ ಕನ್ನಡದವರ ನಡುವೆ ಬಂದ ಮೊದಲ ದಿನವೇ ನಾಲಗೆಗೆ ಇಸ್ತ್ರಿ ಹಾಕಿಕೊಂಡೆ. ‘ಎಂತ’ ಹೋಗಿ ‘ಏನು’ ಬಂತು. ಅಪ್ಪ ಅಮ್ಮ ಏನು ಮಾಡುತ್ತಾರೆ ಎಂದು ಕೇಳಿದರೆ ‘ಬಿಸಿನೆಸ್’ ಎನ್ನುತ್ತಿದ್ದೆ. ಅದು ಸುಳ್ಳಂತೂ ಅಲ್ಲ.

ಗುಟ್ಟು ಬಯಲಾದದ್ದು ಹಿಂದಿನ ವರ್ಷದ ದೀಪಾವಳಿಯ ದಿನ, ಕನ್ನಡದವರೆಲ್ಲ ಸೇರಿ ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ. ಅಮ್ಮನ ಫೋನ್ ಬಂತೆಂದು ಹೊರಗೆ ಹೋಗಿ, ಗಂಗೊಳ್ಳಿಯ ಕನ್ನಡದಲ್ಲಿ ಬಂಗುಡೆ, ಕಾಣೆ ಮೀನು, ಯಾರ ದೋಣಿಗೆ ಎಷ್ಟು ಸಿಕ್ಕಿತು ಎಂದೆಲ್ಲ ಜೋರಾಗಿ ಹರಟಿ, ತಿರುಗಿ ನೋಡಿದರೆ ಈ ಮನುಷ್ಯ ಕೋಟು ಹಾಕಿಕೊಳ್ಳುತ್ತ ನಿಂತಿದ್ದಾನೆ.

“ಓಹೋ, ಮೀನಿನವರಾ ನೀವು? ಮೊದ್ಲೇ ಹೇಳ್ಬಾರ್ದಾ ಮೇಡಂ!” ಎಂದ. ಅಷ್ಟರಲ್ಲಿ ಮುಗಿದಿದ್ದರೆ ಮರೆತುಬಿಡುತ್ತಿದ್ದೆ. ಆಮೇಲೆ ಪ್ರತಿ ಸಲವೂ ಅದೇ ಆಯಿತು. ಕೋಡ್‌ನಲ್ಲಿ ತಪ್ಪು ಹಿಡಿದರೆ “ಗಾಳ ಹಾಕಿ ಹಿಡಿದ್ರಾ?” ನಾನು ಊಟದ ಡಬ್ಬಿ ತೆರೆದರೆ, ಒಳಗೆ ಉಪ್ಪಿಟ್ಟಿದ್ದರೂ, ಅವನ ಕುರ್ಚಿ ಒಂದು ಮೊಳ ಹಿಂದಕ್ಕೆ. ನಗುನಗುತ್ತಲೇ ಮಾಡುತ್ತಿದ್ದ, ಅದಕ್ಕೇ ಎದುರಾಡಲು ದಾರಿಯೇ ಇರುತ್ತಿರಲಿಲ್ಲ. ಸಿಟ್ಟು ಬಂದರೆ “ಅಯ್ಯೋ ಜೋಕು ಮೇಡಂ” ಎನ್ನುತ್ತಿದ್ದ.

ಸೆಪ್ಟೆಂಬರಿನಲ್ಲಿ ಟೀಮಿನವರೆಲ್ಲ ಒಂದು ದಿನ ಹೊರಗೆ ಕಳೆಯಬೇಕೆಂದು ಮ್ಯಾನೇಜರ್ ನಮ್ಮನ್ನು ಊರಾಚೆಯ ಒಂದು ಕೆರೆಗೆ ಕರೆದುಕೊಂಡು ಹೋದಳು. ಅದು ಮೀನುಗಾರಿಕೆ ಕ್ಲಬ್ಬೊಂದರ ಕೆರೆ. ನೋಡಿಕೊಳ್ಳುತ್ತಿದ್ದವನು ಅವಳ ಅಪ್ಪನೇ. ಎಂಬತ್ತರ ಹತ್ತಿರದ ಮುದುಕ, ಮೊಣಕಾಲುದ್ದದ ರಬ್ಬರ್ ಬೂಟು, ಮಾತು ಕಡಿಮೆ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನಿಯಮ ಹೇಳಿದ. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು.

ನಿಯಮ ಎರಡೇ. ರೇನ್‌ಬೋ ಸಿಕ್ಕರೆ ಕೊಲ್ಲಲೇಬೇಕು, ವಾಪಸು ಬಿಡುವಂತಿಲ್ಲ. ಅವು ಸಾಕಿ ತಂದು ಸುರಿದ ಮೀನು, ಗಾಯ ಮಾಡಿ ಬಿಟ್ಟರೆ ನರಳಿ ಸಾಯುತ್ತವೆ, ಕೆರೆಯೂ ಕೆಡುತ್ತದೆ. ಬ್ರೂಕ್ ಸಿಕ್ಕರೆ ಕೊಲ್ಲಲೇಬಾರದು. ನೀರೊಳಗೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಬೇಕು. ಮೂರು ವರ್ಷದ ಹಿಂದೆ ಮುದುಕನೇ ಮರಿಗಳನ್ನು ಬಕೆಟ್ಟಿನಲ್ಲಿ ಹೊತ್ತು ತಂದು ಬಿಟ್ಟಿದ್ದನಂತೆ. ಬದುಕಿರುವುದು ಕೆಲವೇ. ಅವು ತಾವಾಗಿ ಮೊಟ್ಟೆಯಿಟ್ಟು ಮರಿ ಮಾಡುತ್ತವಾ ಎಂದು ಕಾಯುತ್ತಿದ್ದ. ಇಷ್ಟು ಹೇಳಿ ಎಲ್ಲರ ಕೈಗೂ ಮೀನೆತ್ತಲು ಒಂದೊಂದು ಕೈಬಲೆ, ಅದರ ತಲೆಗೆ ಹೊಡೆಯಲು ಮರದ ಒಂದೊಂದು ಗಿಡ್ಡ ದೊಣ್ಣೆ ಕೊಟ್ಟ.

ನಮ್ಮ ಪಂಡಿತನ ಮುಖ ನೋಡಬೇಕಿತ್ತು. ದೊಣ್ಣೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದ. ವರ್ಷವಿಡೀ ಫೀಕಾದಲ್ಲಿ ಕೊಚ್ಚಿಕೊಂಡದ್ದಕ್ಕೆ ಮ್ಯಾನೇಜರ್ ಪಕ್ಕದ ಜಾಗವೇ ಅವನಿಗೆ ಸಿಕ್ಕಿತ್ತು, ತಪ್ಪಿಸಿಕೊಳ್ಳುವಂತಿರಲಿಲ್ಲ. ಹತ್ತು ಹೆಜ್ಜೆ ಆಚೆ ನಿಂತಿದ್ದ ನನ್ನ ಹತ್ತಿರ ಬಂದು ಪಿಸುಗುಟ್ಟಿದ:

“ಮೇಡಂ, ಒಂದು ಹೆಲ್ಪ್. ನಾನು ಹಿಡಿದು ಬಲೆ ಸಮೇತ ಹಿಂದಕ್ಕೆ ಕೊಡ್ತೀನಿ. ನೀವು ಮುಗಿಸಿಬಿಡಿ. ನಂಗೆ ಈ ರಕ್ತ ಗಿಕ್ತ ಎಲ್ಲ ನೋಡಕ್ಕಾಗಲ್ಲ, ಮನೇಲಿ ಪೂಜೆ ಗೀಜೆ ಇರತ್ತೆ. ನಿಮ್ ಜನಕ್ಕೆ ಇದೆಲ್ಲ ಅಭ್ಯಾಸ ಅಲ್ವಾ.”

ಏನು ಅಭ್ಯಾಸ, ಮಣ್ಣು! ಗಂಗೊಳ್ಳಿಯಲ್ಲಿ ಮೀನು ನಮ್ಮ ಕೈಗೆ ಬರುವ ಹೊತ್ತಿಗೆ ಬಲೆಯಲ್ಲೇ ಸತ್ತು ಐಸಿನಲ್ಲಿ ಮಲಗಿರುತ್ತದೆ. ಕತ್ತರಿಸಿದ್ದೇನೆ, ಸಿಪ್ಪೆ ತೆಗೆದಿದ್ದೇನೆ, ಸಾವಿರ ಸಲ. ಜೀವ ಇರುವ ಮೀನಿನ ತಲೆಗೆ ದೊಣ್ಣೆಯಲ್ಲಿ ಹೊಡೆದವಳಲ್ಲ ನಾನು. ಅದನ್ನು ಅಲ್ಲೇ ಹೇಳಬೇಕಿತ್ತು. ಡಿಸೆಂಬರ್ ಕಣ್ಣೆದುರು ನಿಂತಿತು. “ಸರಿ ಸರ್” ಎಂದು ಹೋಗಿ ಅವನ ಬೆನ್ನ ಹಿಂದೆ ನಿಂತೆ.

ಮೊದಲನೆಯದು ರೇನ್‌ಬೋ. ಅವನು ಹೇಳಿದ ಹಾಗೆಯೇ ಹಾರಿತು, ಎರಡು ಸಲ, ಮ್ಯಾನೇಜರ್ ಚಪ್ಪಾಳೆ ತಟ್ಟಿದಳು. ಅವನು ಮುಖ ಆಚೆ ತಿರುಗಿಸಿ, ಬಲೆಯನ್ನು ಬೆನ್ನ ಹಿಂದಿನಿಂದ ನನ್ನ ಕಡೆ ಚಾಚಿದ. ಹುಲ್ಲಿನ ಮೇಲೆ ಇಟ್ಟು ಹೊಡೆದೆ. ಏಟು ಸರಿಯಾಗಿ ಬೀಳಲಿಲ್ಲ, ಮತ್ತೊಂದು ಹಾಕಬೇಕಾಯಿತು. ಎರಡನೆಯದೂ ರೇನ್‌ಬೋ, ಈ ಸಲ ಒಂದೇ ಏಟು. ಅವನು ಅಲ್ಲಿ ನಿಂತು ಮ್ಯಾನೇಜರ್‌ಗೆ ಅಮೆರಿಕದ ನದಿಗಳ ಬಗ್ಗೆ ಹೇಳುತ್ತಿದ್ದ, ನಾನು ಮಂಡಿಯೂರಿ ಅವನ ಮೀನಿನ ರಕ್ತ ಹುಲ್ಲಿಗೆ ಒರೆಸುತ್ತಿದ್ದೆ. ನನ್ನ ಗಾಳ ಇನ್ನೂ ನೀರಿಗೇ ಬಿದ್ದಿರಲಿಲ್ಲ.

ಮೂರನೆಯದು ಹಾರಲಿಲ್ಲ. ತಳಕ್ಕೆ ಎಳೆಯಿತು, ಗಾಳದ ಕೋಲು ಬಾಗಿ ಬಾಗಿ ಅದುರಿತು. ದಿನಾ ಫೀಕಾದಲ್ಲಿ ಹೇಳುತ್ತಿದ್ದವನಿಗೆ ಅಲ್ಲೇ ತಿಳಿಯಬೇಕಿತ್ತು. ಅವನ ಗಮನವೆಲ್ಲ ಮ್ಯಾನೇಜರ್ ಕಡೆ. ದಡಕ್ಕೆ ಎಳೆದ, ಬಲೆಗೆ ತುಂಬಿದ, ನೋಡದೆಯೇ ಹಿಂದಕ್ಕೆ ಚಾಚಿದ.

“ಬೇಗ ಬೇಗ ಮೇಡಂ. ಒದ್ದಾಡ್ತಿದೆ, ನಂಗೆ ಒಂಥರಾ ಆಗತ್ತೆ.”

ಬಲೆಯಲ್ಲಿದ್ದುದು ಬ್ರೂಕ್. ಕಪ್ಪು ಹಸಿರಿನ ಬೆನ್ನು, ಅದರ ಮೇಲೆ ಹುಳ ಹರಿದಂತೆ ತಿಳಿ ಗೆರೆಗಳು, ಪಕ್ಕದಲ್ಲಿ ತಿಳಿ ಚುಕ್ಕೆ, ಹೊಟ್ಟೆಯ ಕಡೆಯ ರೆಕ್ಕೆಗಳಿಗೆ ಸುಣ್ಣ ಹಚ್ಚಿದಂತೆ ಬಿಳಿ ಅಂಚು. ನಾನು ಒಂದು ಕಣ್ಣು ಮುಚ್ಚಿಕೊಂಡು ನೋಡಿದ್ದರೂ ಗೊತ್ತಾಗುತ್ತಿತ್ತು. ಹೊಟ್ಟೆಗೆ ಬೆರಳು ತಾಗಿಸಿದೆ. ಬಿಗಿಯಾಗಿ ತುಂಬಿಕೊಂಡಿತ್ತು, ತತ್ತಿ. ನೀರು ಎರಡು ಹೆಜ್ಜೆಯಲ್ಲಿತ್ತು. ಬಲೆ ಮಗುಚಿದ್ದರೆ ಸಾಕಿತ್ತು.

ನಾನು ಅವನ ಬೆನ್ನು ನೋಡಿದೆ. ಅವನ ಮೀನು, ಅವನ ಗಾಳ, ಅವನ ಬಲೆ. ಪಂಡಿತ ತಾನೇ ಹಿಡಿದು ಕೊಲ್ಲಿಸಿದ ಎಂದು ಎಲ್ಲರಿಗೂ ಗೊತ್ತಾಗಲಿ ಎಂದುಕೊಂಡೆ. ಎಲ್ಲರೆದುರು ಇವನ ಮಾನ ಹರಾಜಾಗಲಿ. ಈ ಯೋಚನೆ ಬಂದದ್ದು ಕ್ಷಣದಲ್ಲಲ್ಲ. ನಿಧಾನವಾಗಿ, ಪೂರ್ತಿಯಾಗಿ, ಮಾತಿನ ರೂಪದಲ್ಲೇ ಬಂತು. ಹೊಡೆದೆ. ಒಂದೇ ಏಟು.

ಅರ್ಧ ಗಂಟೆಯಲ್ಲಿ ಮುದುಕ ಸುತ್ತು ಹಾಕುತ್ತ ಬಂದು ನಮ್ಮ ಮೀನುಗಳ ಮುಂದೆ ನಿಂತ. ಎರಡು ಬೆಳ್ಳಿ ಬಣ್ಣದವು, ಒಂದು ಕಪ್ಪು. ಕೂಗಾಡಲಿಲ್ಲ. ಕಷ್ಟಪಟ್ಟು ಬಗ್ಗಿ ಆ ಮೀನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ರೆಕ್ಕೆಯ ಬಿಳಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಮಗಳಿಗೆ ಸ್ವೀಡಿಷಿನಲ್ಲಿ ಒಂದೇ ಮಾತು ಹೇಳಿದ. ನನಗೆ ಅರ್ಥವಾಯಿತು: ಇದು ಹೆಣ್ಣು, ಈ ವರ್ಷ ಇದರದೇ ದಾರಿ ನೋಡುತ್ತಿದ್ದೆ.

ಇದನ್ನು ಕೊಂದವರು ಯಾರು ಎಂದು ಮ್ಯಾನೇಜರ್ ಕೇಳಿದಳು. ನಾನು ಅವನ ಕಡೆ ನೋಡಿದೆ. ಅವನು ಸ್ವಲ್ಪವೂ ತಡವರಿಸದೆ, ಬಹಳ ದುಃಖದ ದನಿಯಲ್ಲಿ, “ಹಿಡಿದದ್ದು ನಾನು, ಆದರೆ ನಾನು ನೋಡುವಷ್ಟರಲ್ಲಿ ಇವರು ಹೊಡೆದಾಗಿತ್ತು” ಎಂದ. ಎಲ್ಲರೂ ನನ್ನ ಕೈ ನೋಡಿದರು. ಉಗುರಿನ ಸಂದಿಯಲ್ಲಿ ರಕ್ತ ಇನ್ನೂ ಇತ್ತು. ದೊಣ್ಣೆಯೂ ನನ್ನ ಕಾಲ ಹತ್ತಿರವೇ ಇತ್ತು. ಥೂ, ಎಂಥ ದಡ್ಡಿ ನಾನು! ಏಟು ಹಾಕುವ ಕೈಗೇ ಹೆಸರು ಬರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಮುದುಕ ಗುದ್ದಲಿ ತಂದು ಮೀನನ್ನು ಕೆರೆಯ ದಂಡೆಯಲ್ಲೇ ಹುಗಿದ. ಮಗಳು ಹತ್ತಿರ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಪಕ್ಕದ ಸೀಟು ಖಾಲಿಯಿತ್ತು.

ಸೋಮವಾರ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದಳು. ಬಾಗಿಲ ಹೊರಗೆ ಕಾರಿಡಾರಿನಲ್ಲಿ ಅವನು ನನ್ನನ್ನು ತಡೆದ. ಮುಖ ಬಿಳಿಚಿಕೊಂಡಿತ್ತು.

“ನೋಡಿ ಮೇಡಂ, ಗೊತ್ತಾಗಲಿಲ್ಲ ಅಂದುಬಿಡಿ. ಸಿಂಪಲ್. ಇವರು ಸಮುದ್ರದ ಮೀನು ನೋಡಿದವರು, ಈ ಮೀನೆಲ್ಲ ಇವರಿಗೆ ಒಂದೇ ಥರ ಕಾಣತ್ತೆ ಅಂತ ನಾನೂ ಹೇಳ್ತೀನಿ. ನಾನು ನಿಮ್ ಹತ್ರ ಕೊಲ್ಲಿಸಿದ್ದು ಗಿಲ್ಲಿಸಿದ್ದು ಎಲ್ಲ ಯಾಕೆ ಸುಮ್ನೆ? ನಿಮ್ ಲೆಟರ್ ಇನ್ನೂ ನನ್ ಹತ್ರನೇ ಇದೆ. ಚೆನ್ನಾಗಿ ಬರೀತೀನಿ.”

“ನಿಮಗೆ ಒಂದು ಮೀನು ಕೊಲ್ಲೋ ಧೈರ್ಯ ಇಲ್ಲ ಅಂತ ಹೇಳಿಬಿಡಲಾ ಸರ್?” ಎಂದೆ. ಮೊದಲ ಸಲ ಹಾಗೆ ಮಾತಾಡಿದ್ದು.

“ಹೇಳಿ. ಆಮೇಲೆ ಅವರು ಕೇಳ್ತಾರೆ, ನಿಮಗೆ ಗೊತ್ತಿತ್ತಾ ಅಂತ. ಏನು ಹೇಳ್ತೀರಾ?”

ಅವನಿಗೆ ತಿಳಿದಿತ್ತು. ನಾನು ನೋಡಿಯೇ ಹೊಡೆದೆ ಎಂಬುದು ಪಾಪಿಗೆ ಹೇಗೋ ತಿಳಿದಿತ್ತು.

ಒಳಗೆ ಮ್ಯಾನೇಜರ್ ಸುತ್ತಿಬಳಸಲಿಲ್ಲ. ಅಪ್ಪ ಎರಡು ದಿನದಿಂದ ಕೆರೆಯ ಕಡೆ ಹೋಗಿಲ್ಲ ಎಂದಳು. ಆಮೇಲೆ ನನ್ನ ಕಣ್ಣನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಕೇಳಿದಳು: ಅದು ಯಾವ ಮೀನೆಂದು ನಿನಗೆ ಗೊತ್ತಿತ್ತಾ?

ಗಂಗೊಳ್ಳಿ ಬಂದರಿನಲ್ಲಿ ಹುಟ್ಟಿ ಬೆಳೆದವಳಿಗೆ ಮೀನಿನ ಗುರುತು ಸಿಗಲಿಲ್ಲ ಎನ್ನಬೇಕು. ನನಗೆ ಮಗಳ ಮುಖ ಕಾಣಿಸಿತು, ಬೆಳಿಗ್ಗೆ ಶಾಲೆಗೆ ಹೊರಡುವಾಗ ಸೈಕಲ್ಲಿನ ಬೀಗ ಸಿಗದೆ ಸ್ವೀಡಿಷಿನಲ್ಲಿ ರೇಗುತ್ತಿದ್ದ ಮುಖ. “ಇಲ್ಲ” ಎಂದೆ. “ಎರಡೂ ನನಗೆ ಒಂದೇ ಥರ ಕಂಡವು. ಕ್ಷಮಿಸಿ.” ಪಕ್ಕದಲ್ಲಿ ಅವನು, ಪಾಪ, ಇವರ ಕಡೆ ಬರೀ ಸಮುದ್ರ, ಸಿಹಿನೀರಿನ ಮೀನು ಇವರಿಗೆ ಹೊಸದು, ನಾನೇ ಇವರಿಗೆ ಸರಿಯಾಗಿ ಹೇಳಿಕೊಡಬೇಕಿತ್ತು ಎಂದ. ಮ್ಯಾನೇಜರ್ ನನ್ನ ಕೈ ಹಿಡಿದು, ತಿಳಿಯದೆ ಆದದ್ದು, ಅಪ್ಪನಿಗೆ ಹೇಳುತ್ತೇನೆ ಎಂದಳು. ಅವಳು ಕೈ ಹಿಡಿದದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತೆ. ಅತ್ತದ್ದರಲ್ಲಿ ಮುಕ್ಕಾಲು ಪಾಲು ಸಿಟ್ಟೇ.

ನವೆಂಬರಿನಲ್ಲಿ ಕೆಲಸ ಕಾಯಂ ಆಯಿತು. ಪತ್ರ ಬಂದ ದಿನವೇ ಅಮ್ಮನಿಗೆ ಫೋನ್ ಮಾಡಿದೆ. ಖುಷಿಯ ಸುದ್ದಿ ಹೇಳಲು ಮಾಡಿದವಳು, ತತ್ತಿಯದೂ ನೋಡಿಯೇ ಹೊಡೆದದ್ದೂ ಬಿಟ್ಟು, ಉಳಿದ ಕತೆಯನ್ನೆಲ್ಲ ಹೇಳಿಬಿಟ್ಟೆ. ಅವನ ಮೇಲೆ ಒಂದು ಸುತ್ತು ಬೈಗುಳ ಸುರಿಸಿದೆ. ಕೊನೆಗೆ, ಅಮ್ಮಾ, ಕೆಲಸಕ್ಕಾಗಿ ನಿನ್ನ ಮಗಳಾದ ನಾನೇ ಮೀನಿನ ಗುರುತು ಗೊತ್ತಿಲ್ಲ ಎಂದುಬಿಟ್ಟೆ, ನಿನ್ನ ಮರ್ಯಾದೆ ತೆಗೆದೆ ಎಂದೆ. ಅಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ನಕ್ಕಳು.

“ಅದೆಂತ ದೊಡ್ಡ ಸಂಗ್ತಿ ಹೆಣೆ? ಹೊಟ್ಟೆಪಾಡಿಗೆ ಎಲ್ರೂ ಸುಳ್ಳ್ ಹೇಳ್ತ್ರ್. ನಾನೂ ನಿನ್ನೆ ಮೀನ್ ಇವತ್ತಿಂದ್ ಅಂದ್ ಮಾರಿದ್ದ್ ಇತ್ತ್. ಕೆಲ್ಸ ಉಳೀತಲೆ, ಸಾಕ್.”

ನನಗೆ ಹಗುರಾಯಿತು. ಅಷ್ಟರಲ್ಲಿ ಅಮ್ಮ ಕೇಳಿದಳು:

“ಅಲ್ಲ, ಆ ಮೀನ್ ತಿಂದದ್ದ್ ಯಾರ್?”

“ಯಾರೂ ತಿನ್ಲಿಲ್ಲೆ ಅಮ್ಮ. ಆ ಅಜ್ಜ ದಂಡೆ ಬದಿಲಿ ಹುಗ್ದ್ರ್.”

“ತತ್ತಿ ಇತ್ತಾ?”

“ಇತ್ತ್.”

“ನೋಡಿಯೇ ಹೊಡೆದ್ಯಾ?”

ಮ್ಯಾನೇಜರ್‌ಗೆ ಹೇಳಿದ ಸುಳ್ಳು ಇವಳಿಗೆ ಹೇಳಲು ಬಾಯಿ ಬರಲಿಲ್ಲ. ಹೌದು ಎಂದೆ. ಆ ಕಡೆಯಿಂದ ಬಂದರಿನ ಗಲಾಟೆ ಕೇಳುತ್ತಿತ್ತು, ಯಾರೋ ಐಸು ಒಡೆಯುತ್ತಿದ್ದರು.

“ಸಿಟ್ಟ್ ಇದ್ದದ್ದ್ ಅವನ್ ಮೇಲೆ ಅಲ್ದಾ? ಅವನಿಗ್ ಹೊಡೂಕೆ ಆಯ್ಲಿಲ್ಲ ನಿಂಗೆ” ಎಂದಳು ಅಮ್ಮ. ಫೋನ್ ಇಟ್ಟಳು. ಸಂಜೆ ಮತ್ತೆ ಮಾಡಿದೆ, ತೆಗೆಯಲಿಲ್ಲ. ವಾರಕ್ಕೆ ಎರಡು ಸಲ ತಾನೇ ಫೋನ್ ಮಾಡುತ್ತಿದ್ದವಳು ಆ ತಿಂಗಳು ಪೂರ್ತಿ ನನ್ನ ಹತ್ತಿರ ಮಾತಾಡಲಿಲ್ಲ.